ಸಮುದ್ರಕ್ಕೆ ಹಾರಿದ ಆರು ತಗಡು

ದ್ವೀಪದ ಕಡಲಂಚಿನ ಆನ್ಸ್ ನ್ವಾರ್ ಹಳ್ಳಿಯ ಇಲಾರಿಯೋ ಬಾಯಿ ತೆರೆದನೆಂದರೆ ಕೋಳಿಗಳೂ ಮೇಯುವುದು ಬಿಟ್ಟು ಕೇಳುತ್ತಿದ್ದವು. ಅದರಲ್ಲೂ ಎರಡು ವರ್ಷದ ಹಿಂದೆ ಬಂದುಹೋದ ದೊಡ್ಡ ಗಾಳಿಯ ಕತೆ ಶುರುವಾದರೆ ಕೇಳುವವರಿಗೆ ಮನೆ ಮಠ ನೆನಪಿರುತ್ತಿರಲಿಲ್ಲ. ಆ ಗಾಳಿಗೆ ಅವನ ಹೇಂಟೆ ಬೆನ್ನು ಮಾಡಿ ಮೊಟ್ಟೆ ಇಡಲು ಕೂತಿತ್ತಂತೆ, ಇಟ್ಟ ಮೊಟ್ಟೆಯನ್ನು ಗಾಳಿ ಮೂರು ಸಲ ವಾಪಸು ಒಳಕ್ಕೇ ತಳ್ಳಿತಂತೆ. ಹುಂಜ ಮಂಗಳವಾರ ಕೂಗಿದ್ದು ಪಕ್ಕದ ಊರಿಗೆ ಗುರುವಾರ ಕೇಳಿಸಿತಂತೆ. ಆಕಾಶದಿಂದ ಒಂದು ಮೇಕೆ ಅವನ ಅಂಗಳಕ್ಕೆ ಬಿತ್ತಂತೆ, ಬಿದ್ದಾಗಲೂ ಬಾಯಲ್ಲಿ ಸೊಪ್ಪಿತ್ತಂತೆ, ಅಗಿಯುವುದನ್ನು ಮಾತ್ರ ನಿಲ್ಲಿಸಿರಲಿಲ್ಲವಂತೆ.

"ಯಾರ ಮೇಕೆಯೋ ಅದು?" ಅಂತ ಯಾರಾದರೂ ಕೇಳಿದರೆ, "ಗ್ವಾಡಲೂಪ್ ದ್ವೀಪದ್ದೇ ಇರಬೇಕು ಮಾರಾಯ, ಫ್ರೆಂಚಲ್ಲಿ ಅರಚ್ತಿತ್ತು" ಅನ್ನುತ್ತಿದ್ದ.

ಇಷ್ಟು ಕತೆಗಳಲ್ಲಿ ಊರಿಗೆ ಬಲು ಇಷ್ಟವಾದದ್ದು ಮಾ ಝೆಲೀನ್‌ಳ ಆರು ತಗಡಿನ ಕತೆ.

ಮಾ ಝೆಲೀನ್ ಆ ಬೀದಿಯ ಕೊನೆಯ ಮನೆಯ ಮುದುಕಿ. ಅವಳ ಗಂಡ ಎಸ್ಪ್ರಿ ಮೀನುಗಾರ. ಅವನ ದೋಣಿಗೆ ಹಳದಿ ಬಣ್ಣ, ನಡುವೆ ಒಂದು ಕೆಂಪು ಪಟ್ಟೆ. ಆ ಕರಾವಳಿಯಲ್ಲಿ ಒಬ್ಬೊಬ್ಬರ ದೋಣಿಗೆ ಒಂದೊಂದು ಬಣ್ಣ, ಒಬ್ಬನ ಬಣ್ಣ ಇನ್ನೊಬ್ಬ ಹಚ್ಚುವಂತಿಲ್ಲ. ದೋಣಿಗೆ ಬಳಿದು ಉಳಿದ ಬಣ್ಣವನ್ನೇ ಎಸ್ಪ್ರಿ ಮನೆಯ ಸೂರಿನ ತಗಡಿಗೂ ಬಳಿದಿದ್ದ, ದೂರದ ನೀರಿನಿಂದಲೇ ತನ್ನ ಮನೆ ತನಗೆ ಕಾಣಲಿ ಅಂತ. ಒಂದು ದಿನ ದೋಣಿಯ ಜೊತೆಗೇ ಅವನೂ ಹೋದ, ಕಡಲಲ್ಲಿನ ಕಪ್ಪು ಬಂಡೆಯ ಆಚೆಗೆ, ಮರಳಿ ಬರಲಿಲ್ಲ. ಮನೆ ಮೇಲಿನ ಬಣ್ಣ ಮಾತ್ರ ಹಾಗೇ ಉಳಿಯಿತು. ದೊಡ್ಡ ಗಾಳಿ ಬಂದಾಗ ಅದೂ ಹೋಯಿತು. ಮಲಗುವ ಕೋಣೆಯ ಮೇಲಿನ ಆರೂ ತಗಡು ನಾಪತ್ತೆ.

ಗಾಳಿ ನಿಂತ ಮೇಲೆ ಆ ಕಡೆಯ ಊರುಗಳಲ್ಲಿ ಒಂದು ನಡೆ ಉಂಟು. ಯಾರ ತಗಡು ಯಾರ ಹಿತ್ತಿಲಿಗೆ ಬಿದ್ದರೂ ಅದನ್ನು ಹೊತ್ತು ತಂದು ಇಗರ್ಜಿಯ ಗೋಡೆಗೆ ಒರಗಿಸಬೇಕು. ಕಳಕೊಂಡವರು ಬಂದು ಬಣ್ಣ ನೋಡಿ, ಮೊಳೆಯ ತೂತು ನೋಡಿ, ತಮ್ಮದನ್ನು ತಾವು ಒಯ್ಯಬೇಕು. ಮಾ ಝೆಲೀನ್ ದಿನಾ ಬೆಳಿಗ್ಗೆ ಹೋಗಿ ಆ ರಾಶಿಯನ್ನು ಒಂದೊಂದೇ ಮಗುಚಿ ನೋಡಿ ಬರುತ್ತಿದ್ದಳು. ಕೆಂಪು ಸಿಕ್ಕಿತು, ನೀಲಿ ಸಿಕ್ಕಿತು, ಹಳದಿ ಸಿಗಲಿಲ್ಲ. ಅವಳ ಜೊತೆ ನಿಂತು ತಗಡು ಮಗುಚಿಕೊಡುತ್ತಿದ್ದವನು ಇಲಾರಿಯೋ. ಒಂದು ದಿನ ಅವಳು ರಾಶಿಯ ಮುಂದೆ ಕುಸಿದು ಕೂತದ್ದು ನೋಡಿ ಅವನ ಬಾಯಿಗೆ ಕತೆ ಬಂತು.

"ಮಾ, ಹುಡುಕಬೇಡ. ನಿನ್ನ ತಗಡು ನಾನು ಕಣ್ಣಾರೆ ಕಂಡೆ. ಆರೂ ಒಂದರ ಹಿಂದೆ ಒಂದು ಸಾಲಾಗಿ, ನೀರುಹಕ್ಕಿ ಹೋದಂಗೆ ರೆಕ್ಕೆ ಬಡ್ಕೊಂಡು ಹೋದ್ವು. ಎಲ್ಲಿಗೆ ಅಂತೀಯ? ಕಪ್ಪು ಬಂಡೆ ಆಚೆಗೆ. ಅಲ್ಲಿ ಸುತ್ತು ಹೊಡೆದು ಒಂದೊಂದೇ ನೀರಿಗಿಳಿದ್ವು. ಕೊನೇದು ಇಳಿಯೋ ಮುಂಚೆ ನಿನ್ನ ಮನೆ ಕಡೆ ತಿರುಗಿ ಒಂದ್ಸಲ ಬಗ್ಗಿ ನಮಸ್ಕಾರ ಮಾಡ್ತು."

ಮುದುಕಿ ನಕ್ಕಳು, ಆಮೇಲೆ ಅತ್ತಳು, ಆಮೇಲೆ ಎದ್ದು ಮನೆಗೆ ಹೋದಳು. "ಅವನಿಗೂ ಒಂದು ಸೂರು ಬೇಕಲ್ಲ, ತಗೊಂಡ ಬಿಡು" ಅಂದಳು. ಅಂದಿನಿಂದ ಶನಿವಾರ ಮುಚ್ಚಂಜೆಗೆ ಸಮುದ್ರದ ಕಡೆಯ ಕಿಟಕಿಯಲ್ಲಿ ಮೇಣದಬತ್ತಿ ಹಚ್ಚತೊಡಗಿದಳು. ಯಾರಾದರೂ ಬೇರೆ ತಗಡು ಕೊಡಲು ಬಂದರೆ, "ಅವನು ಅಲ್ಲಿ ಬೆಚ್ಚಗಿದಾನೆ, ನನಗೆ ಟಾರ್ಪಾಲೇ ಸಾಕು" ಅನ್ನುತ್ತಿದ್ದಳು. ಎರಡು ಮಳೆಗಾಲ ನೀಲಿ ಟಾರ್ಪಾಲಿನ ಕೆಳಗೆ ಕಳೆದಳು.

ಕತೆ ಚೆನ್ನಾಗಿತ್ತು. ದೋಷ ಇದ್ದದ್ದು ಒಂದೇ. ಆ ಆರು ತಗಡು ಇಲಾರಿಯೋನ ಮನೆಯ ಮೇಲಿದ್ದವು.

ಬೀದಿಗೆ ಕಾಣುವ ಮುಂದಿನ ಇಳಿಜಾರಿನಲ್ಲಲ್ಲ, ಗುಡ್ಡದ ಕಡೆಗಿನ ಹಿಂದಿನ ಇಳಿಜಾರಿನಲ್ಲಿ. ಗಾಳಿಯ ಮಾರನೆಯ ಬೆಳಿಗ್ಗೆ ಅವು ಹಳ್ಳದಲ್ಲಿ ಒಂದು ಜೀಗುಜ್ಜೆ ಮರಕ್ಕೆ ಪಂಚೆ ಸುತ್ತಿದಂತೆ ಸುತ್ತಿಕೊಂಡಿದ್ದವು. ಅವನ ಮನೆಯ ಹಿಂದಿನರ್ಧ ಹಾರಿಹೋಗಿತ್ತು, ಹೆಂಡತಿ ಒಡೀಲ್ ಜ್ವರದಲ್ಲಿ ಮೇಜಿನ ಕೆಳಗೆ ಮುದುರಿಕೊಂಡಿದ್ದಳು, ಮಳೆ ಬಿಡುತ್ತಿರಲಿಲ್ಲ. ತಗಡು ಹೊತ್ತು ತಂದ, ತಟ್ಟಿ ನೆಟ್ಟಗೆ ಮಾಡಿದ, ಸಿಕ್ಕ ಮೊಳೆ ಹೊಡೆದ. ಒಡೀಲ್ ಹುಷಾರಾಗಲಿ, ನಾಳೆ ಕೊಟ್ಟರಾಯಿತು ಅಂದುಕೊಂಡ. ಈ ನಾಳೆ ಅನ್ನುವುದು ಸೋಮಾರಿ ನೆಂಟನಿದ್ದಂತೆ. ಒಳಗೆ ಬಂದು ಕೂತರೆ ಏಳುವುದಿಲ್ಲ. ಹುಷಾರಾದ ಒಡೀಲ್ ಸೂರು ನೋಡಿದಳು, ಗಂಡನ ಮುಖ ನೋಡಿದಳು. ಅವನು ಅಗ್ಗದ ಹಸಿರು ಬಣ್ಣ ತಂದಾಗ ಕೋಲು ಹಿಡಿದು ಕಲಸಿಕೊಟ್ಟವಳು ಅವಳೇ. ಅಲ್ಲಿಂದ ಈಚೆಗೆ ಶನಿವಾರ ಸಂಜೆ ಅವಳು ಆ ಬೀದಿಯ ಕೊನೆಗೆ ಕಣ್ಣು ಹಾಯಿಸಿದ್ದಿಲ್ಲ.

ಈಗ ಮೇ ತಿಂಗಳು ಕಳೆಯುತ್ತಾ ಬಂದಿತ್ತು. ಗಾಳಿ ಕಾಲ ಬಾಗಿಲಿಗೆ ಬಂದಿತ್ತು. ಊರಿಡೀ ಸುತ್ತಿಗೆ ಸದ್ದು. ಆ ಊರಲ್ಲಿ ಸೂರಿನ ಕೆಲಸಕ್ಕೆ ಕೂಲಿ ಕೊಡುವುದಿಲ್ಲ, ಮುಯ್ಯಾಳು ಕಟ್ಟುತ್ತಾರೆ. ಇವತ್ತು ಎಲ್ಲರೂ ಸೇರಿ ನಿನ್ನ ಮನೆ, ನಾಳೆ ಅವನ ಮನೆ. ಮನೆಯವರು ದೊಡ್ಡ ಹಂಡೆಯಲ್ಲಿ ಊಟ ಹಾಕಿದರೆ ತೀರಿತು. ಅದಕ್ಕೊಂದು ಕಟ್ಟು ಉಂಟು. ಹಂಡೆ ಖಾಲಿಯಾಗಿ ಬೋರಲು ಬೀಳುವ ತನಕ ಆ ಅಂಗಳದಲ್ಲಿ ಯಾರೂ ಯಾರ ಮೇಲೂ ಕೆಟ್ಟ ಮಾತು ಎತ್ತಬಾರದು. ಎಂಥ ಜಗಳವಿದ್ದರೂ ಹಂಡೆ ಬೋರಲಾದ ಮೇಲೆ. ಹಾಗಿಲ್ಲದಿದ್ದರೆ ಸೂರಿನ ಮೇಲೆ ಸುತ್ತಿಗೆ ಹಿಡಿದು ಕೂತವರು ಎಷ್ಟು ತಲೆ ಒಡೆಯುತ್ತಿದ್ದರೋ.

ಇಲಾರಿಯೋ ಎಲ್ಲರ ಮನೆಯ ಮುಯ್ಯಾಳಿಗೂ ಹೋಗಿದ್ದ, ತನ್ನ ಮನೆಗೆ ಮಾತ್ರ ಕರೆದಿರಲಿಲ್ಲ. ಆದರೆ ಗಾಳಿಯ ಮಾರನೆಯ ಬೆಳಿಗ್ಗೆ ಅವಸರದಲ್ಲಿ ಮೊಳೆಯನ್ನು ತಗಡಿನ ಅಲೆಯ ಏರಿಗೆ ಹೊಡೆಯುವ ಬದಲು ತಗ್ಗಿಗೆ ಹೊಡೆದಿದ್ದ. ನೀರು ಹರಿಯುವ ಜಾಗದಲ್ಲೇ ತೂತು. ಮೊಳೆ ತುಕ್ಕು ಹಿಡಿದು ಸಡಿಲಾಗಿ ಸಣ್ಣ ಗಾಳಿಗೂ ಹಿಂದಿನ ತಗಡೆಲ್ಲ ಹಲ್ಲು ಕಡಿಯುತ್ತಿದ್ದವು.

"ಕೇಳಿಸ್ತಾ?" ಅಂದಳು ಒಡೀಲ್ ಒಂದು ಬೆಳಿಗ್ಗೆ, ಕೋಕೋ ಕುದಿಸುತ್ತಾ.

"ಗಾಳಿ ಕಣೇ."

"ಗಾಳಿ ಅಲ್ಲ. ಅವು ಮನೆಗೆ ಹೋಗ್ತೀವಿ ಅಂತಿವೆ. ಕರೆಸ್ತೀಯೋ ಇಲ್ವೋ ಜನಾನ? ಈ ಸಲ ಸೂರು ಹಾರಿದ್ರೆ ನಾನು ಮೇಜಿನ ಕೆಳಗೆ ಕೂರಲ್ಲ. ನಿನ್ನ ಕತೆ ಒಳಗೂ ಕೂರಲ್ಲ."

ಕರೆಸಿದ. ಮುಂದಿನ ಇಳಿಜಾರು ಜನ ಮಾಡಲಿ, ಹಿಂದಿನದು ತಾನೇ ಮಾಡಿಕೊಂಡರಾಯಿತು ಅನ್ನುವುದು ಅವನ ಲೆಕ್ಕಾಚಾರ.

ಶನಿವಾರ ಬೆಳಿಗ್ಗೆ ಮೊದಲು ಬಂದವಳು ಮಾ ಝೆಲೀನ್. ಏಣಿ ಹತ್ತುವ ವಯಸ್ಸಲ್ಲ, ಕಳಿಸಲು ಮನೆಯಲ್ಲಿ ಗಂಡಾಳಿಲ್ಲ. ಹಾಗಾಗಿ ಯಾರ ಮನೆಯ ಮುಯ್ಯಾಳಾದರೂ ಹಂಡೆಯ ಅಡುಗೆ ಅವಳದು. ಮಾರುದ್ದದ ಮರದ ಸೌಟನ್ನು ಹೆಗಲ ಮೇಲಿಟ್ಟುಕೊಂಡು ಬಂದಳು.

"ಇಲಾರಿಯೋ ಮಗಾ, ಎಷ್ಟು ತೆಂಗಿನಕಾಯಿ ಇಟ್ಟಿದೀಯೋ? ಕಂಜೂಸಿ ಮಾಡಿದ್ರೆ ನಿನ್ನ ಮೇಕೇನೇ ಹಂಡೆಗೆ ಹಾಕ್ತೀನಿ."

"ಅದು ಬೇಯಲ್ಲ ಮಾ. ಮೂರು ದಿನ ಗಾಳೀಲಿ ಹಾರಿ ಹಾರಿ ಮಾಂಸ ಎಲ್ಲ ರೆಕ್ಕೆ ಆಗಿದೆ" ಅಂದ ಇಲಾರಿಯೋ. ಬಾಯಿ ತಾನಾಗೇ ಆಡಿತು, ಕಣ್ಣು ಮಾತ್ರ ಅವಳ ಮುಖಕ್ಕೆ ಏರಲಿಲ್ಲ.

ಆಮೇಲೆ ಬೋನಿಫಾಸ್ ಬಂದ, ಊರಿನ ಹಿರಿಯ ಬಡಗಿ, ಮಾತು ಕಮ್ಮಿ. ಅವನ ಹಿಂದೆ ಗ್ಲೆನ್ರಾಯ್, ಮೀನು ಹಿಡಿಯುವವನು, ಇಬ್ಬರ ಪಾಲಿನ ಮಾತೂ ಅವನೇ ಆಡುವವನು. ಇನ್ನೂ ನಾಲ್ಕೈದು ಜನ. ತೊಲೆಗೂ ಗೋಡೆಗೂ ಕಬ್ಬಿಣದ ಪಟ್ಟಿ ಬಿಗಿದರು. ಹಳೆ ಮೊಳೆ ಕಿತ್ತು ಏರಿಗೆ ಸ್ಕ್ರೂ ಹಾಕಿ ಕೆಳಗೆ ರಬ್ಬರ್ ವಾಷರ್ ಕೂರಿಸಿದರು. ಕೆಳಗೆ ಕಲ್ಲೊಲೆಯ ಮೇಲೆ ಕೆಸುವಿನ ಗೆಡ್ಡೆ, ಬಾಳೆಕಾಯಿ, ಜೀಗುಜ್ಜೆ, ಉಪ್ಪುಮೀನು ತೆಂಗಿನಹಾಲಲ್ಲಿ ಕುದಿಯುತ್ತಿದ್ದವು. ರಮ್ಮಿನ ಬಾಟಲಿ ಏಣಿ ಹತ್ತಿ ಇಳಿಯುವುದರಲ್ಲಿ ಆಳುಗಳಿಗಿಂತ ಚುರುಕಾಗಿತ್ತು.

ಮುಂದಿನ ಇಳಿಜಾರು ಮುಗಿಯಿತು. ಬೋನಿಫಾಸ್ ಸ್ಕ್ರೂ ಡಬ್ಬಿ ಎತ್ತಿಕೊಂಡ.

"ಹಿಂದಿನದು ಬಿಡಣ್ಣ" ಅಂದ ಇಲಾರಿಯೋ. "ಅದು ನಾನು ಆಗಲೇ ಮಾಡಿದೀನಿ."

"ಕೆಳಗಿಂದ ಕಂಡೆ. ಮೊಳೆ ಹಾಗೇ ಇವೆ."

"ಅದು... ಅಲ್ಲಿ ಕಣಜದ ಗೂಡಿದೆ. ಸಣ್ಣ ಕಣಜ ಅಲ್ಲ. ಒಂದೊಂದೂ ಕೋಳಿಮರಿ ಗಾತ್ರ. ನಿನ್ನೆ ಒಂದು ನನ್ನ ಟೋಪಿ ಹೊತ್ಕೊಂಡು ಹೋಯ್ತು."

"ಹಂಗಾದ್ರೆ ಹಿಡಿದು ಕೆಳಗೆ ಕೊಡಿ, ಹಂಡೆಗೆ ಮಾಂಸ ಆಗತ್ತೆ!" ಅಂದ ಗ್ಲೆನ್ರಾಯ್. ಎಲ್ಲರೂ ನಕ್ಕರು.

ಬೋನಿಫಾಸ್ ನಗಲಿಲ್ಲ. "ಗಾಳಿ ಸೂರನ್ನ ಮೇಲಿಂದ ಒತ್ತಲ್ಲ ಕಣೋ, ಒಳಗೆ ನುಗ್ಗಿ ಕೆಳಗಿಂದ ಎತ್ತತ್ತೆ. ಮುಂದಷ್ಟೇ ಬಿಗಿದು ಹಿಂದೆ ಬಿಟ್ರೆ, ಕೊರಳಿಗೆ ಟೈ ಕಟ್ಕೊಂಡು ಹಿಂದೆ ಚಡ್ಡಿ ಹರ್ಕೊಂಡಂಗೆ" ಅಂದು ಸೂರಿನ ನೆತ್ತಿ ದಾಟಿ ಆಚೆ ಇಳಿದೇಬಿಟ್ಟ.

ಇಲಾರಿಯೋ ನೆತ್ತಿಯ ಮೇಲೆ ಕುದುರೆ ಹತ್ತಿದವನ ಹಾಗೆ ಎರಡೂ ಕಡೆ ಕಾಲು ಬಿಟ್ಟು ಕೂತ. ತಂತಿ ಬ್ರಷ್ಷಿನ ಸದ್ದು ಶುರುವಾಯಿತು. ವಾಷರ್ ಕೂರಬೇಕಾದರೆ ತುಕ್ಕು, ಸುಲಿದ ಬಣ್ಣ ಎಲ್ಲ ಕೆರೆಯಬೇಕಲ್ಲ. ಈಗ ಒಂದು ಗಾಳಿ ಬರಬಾರದೇ ಅಂತ ಬೇಡಿಕೊಂಡ. ಎಲ್ಲರೂ ಬೇಡುವುದು ಗಾಳಿ ಬರದಿರಲಿ ಅಂತ. ಆ ಕರಾವಳಿಯಲ್ಲಿ ಗಾಳಿ ಬರಲಿ ಅಂತ ದೇವರಿಗೆ ಕೈಮುಗಿದವನು ಅವನೊಬ್ಬನೇ ಇರಬೇಕು. ಒಂದು ಎಲೆ ಕೂಡ ಅಲ್ಲಾಡಲಿಲ್ಲ.

ಅಗ್ಗದ ಹಸಿರು, ಗಟ್ಟಿ ದೋಣಿ ಬಣ್ಣದ ಮೇಲೆ ಎಷ್ಟು ದಿನ ಕೂತೀತು? ಬೆಂದ ಗೆಡ್ಡೆಯ ಸಿಪ್ಪೆಯಂತೆ ಸುಲಿದು ಬಂತು. ಕೆಳಗೆ ಹಳದಿ. ಬೋನಿಫಾಸ್ ಇನ್ನೊಂದು ಅಂಗೈಯಗಲ ಕೆರೆದ. ಕೆಂಪು ಪಟ್ಟೆ.

ಬ್ರಷ್ ನಿಂತಿತು.

ಗ್ಲೆನ್ರಾಯ್ ಏನೋ ಹಾಸ್ಯ ಹೇಳಿಕೊಂಡೇ ನೆತ್ತಿ ದಾಟಿ ಬಂದವನು ಅರ್ಧಕ್ಕೇ ಬಾಯಿ ಮುಚ್ಚಿದ. ಉಳಿದವರೂ ಒಬ್ಬೊಬ್ಬರೇ ಬಂದು ಇಣುಕಿದರು. ಅವರಲ್ಲಿ ಎಸ್ಪ್ರಿಯ ದೋಣಿ ಹತ್ತದವನಿರಲಿಲ್ಲ. ಒಬ್ಬರೂ ಇಲಾರಿಯೋನ ಕಡೆ ನೋಡಲಿಲ್ಲ. ನೋಡಿದ್ದರೆ ವಾಸಿಯಿತ್ತು. ಉರಿವ ಬಿಸಿಲಲ್ಲಿ, ತಗಡಿನ ಮೇಲೆ ಕೂತು, ಅವನಿಗೆ ಕಾಲಿಂದ ತಲೆವರೆಗೆ ಚಳಿ ಹತ್ತಿತು.

"ಯಾಕ್ರೋ, ಮೇಲೆ ಸದ್ದೇ ಇಲ್ಲ?" ಕೆಳಗಿಂದ ಮಾ ಝೆಲೀನ್ ಕೂಗಿದಳು. "ಕಣಜ ತಿಂದ್ವಾ ನಿಮ್ಮನ್ನೆಲ್ಲ?"

"ಇಲ್ಲ ಮಾ" ಅಂದ ಬೋನಿಫಾಸ್. "ಇಲ್ಲಿ ಕಣಜ ಇಲ್ಲ."

ಗ್ಲೆನ್ರಾಯ್ ಮುಷ್ಟಿ ಬಿಗಿಹಿಡಿದು ಇಲಾರಿಯೋನ ಕಡೆ ಒಂದು ಹೆಜ್ಜೆ ಇಟ್ಟ. ಬೋನಿಫಾಸ್ ಅವನ ತೋಳು ಹಿಡಿದ.

"ಹಂಡೆ ಬೋರಲಾಗಲಿ" ಅಂದ, ಮೆಲ್ಲಗೆ.

ಅಷ್ಟು ಹೇಳಿ ಮತ್ತೆ ಮಂಡಿಯೂರಿ ಕೂತು ಸ್ಕ್ರೂ ತಿರುಗಿಸತೊಡಗಿದ. ಮುಯ್ಯಾಳು ಅಂದರೆ ಮುಯ್ಯಾಳು. ಒಂದೊಂದು ಸ್ಕ್ರೂವನ್ನೂ ಏರಿಗೇ, ನೇರಕ್ಕೆ, ವಾಷರ್ ಉಬ್ಬುವಷ್ಟೇ ಬಿಗಿದ. ಕದ್ದ ತಗಡನ್ನು ಅವನು ಅಷ್ಟು ಜತನದಿಂದ ಕೂರಿಸುತ್ತಿದ್ದರೆ, ಪ್ರತಿ ತಿರುವೂ ಇಲಾರಿಯೋನ ಎದೆಗೇ ಇಳಿಯುತ್ತಿತ್ತು.

ಊಟಕ್ಕೆ ಕೂತರು. ಎಲ್ಲ ಮುಯ್ಯಾಳಲ್ಲೂ ಊಟದ ಹೊತ್ತು ಸಂತೆಯಂತಿರುತ್ತದೆ. ಇವತ್ತು ಸೌಟು ಹಂಡೆಗೆ ತಾಗುವ ಸದ್ದೊಂದೇ. ಮಾ ಝೆಲೀನ್ ಒಬ್ಬೊಬ್ಬರ ಮುಖವನ್ನೂ ನೋಡಿದಳು.

"ಏನಾಯ್ತ್ರೋ? ಉಪ್ಪು ಜಾಸ್ತಿ ಆಯ್ತಾ?"

"ಉಪ್ಪು ಸರಿಯಾಗಿದೆ ಮಾ" ಅಂದ ಗ್ಲೆನ್ರಾಯ್. "ಇನ್ನೇನೋ ಗಂಟಲಲ್ಲಿ ಇಳೀತಿಲ್ಲ. ಒಂದು ಕತೆ ಇದ್ರೆ ಇಳೀತಿತ್ತು. ಹೇಳಣ್ಣ ಇಲಾರಿಯೋ, ಆ ತಗಡು ಹಾರಿದ ಕತೆ ಹೇಳು."

"ಹೂಂ, ಹೇಳು ಮಗಾ" ಅಂದಳು ಮುದುಕಿ. ಅವಳ ಮುಖ ಅರಳಿತು. ತನ್ನ ತಟ್ಟೆ ಹಿಡಿದು ಅವನೆದುರು ಬಂದು ಕೂತಳು. "ನಾನು ಕೇಳಿ ಎಷ್ಟು ದಿನ ಆಯ್ತು."

ಇಲಾರಿಯೋ ಒಡೀಲ್ ಕಡೆ ನೋಡಿದ. ಅವಳು ಬಾಗಿಲಲ್ಲಿ ನಿಂತು ಸೆರಗಿನಂತೆ ತಲೆಬಟ್ಟೆಯ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು.

"ಆರೂ... ಒಂದರ ಹಿಂದೆ ಒಂದು" ಅಂದ. ಸಾವಿರ ಸಲ ಹೇಳಿದ ಕತೆ ಬಾಯಲ್ಲಿ ಬೇಯದ ಜೀಗುಜ್ಜೆಯಾಯಿತು. "ಸಾಲಾಗಿ ಹೋದ್ವು. ಬಂಡೆ ಆಚೆಗೆ. ಸುತ್ತು ಹೊಡೆದ್ವು. ಇಳಿದ್ವು."

"ಕೊನೇದು?" ಅಂದಳು ಮಾ ಝೆಲೀನ್.

"ಏನು ಮಾ?"

"ಮರೆತುಬಿಟ್ಯಾ? ಕೊನೇದು ತಿರುಗಿ ಬಗ್ಗಿ ನಮಸ್ಕಾರ ಮಾಡ್ತಲ್ಲ. ಅದೇ ತಾನೆ ನನಗಿಷ್ಟ."

"ಹೂಂ" ಅಂದ. "ಬಗ್ತು."

ಯಾರೋ ಕೆಮ್ಮಿದರು. ಬೋನಿಫಾಸ್ ತಟ್ಟೆಯಿಂದ ತಲೆ ಎತ್ತಲಿಲ್ಲ. ಇಲಾರಿಯೋಗೆ ಈಗ ಇದ್ದ ಆಸೆ ಒಂದೇ, ಆ ಹಂಡೆ ಬತ್ತಬಾರದು. ಎದ್ದು ತಾನೇ ಸೌಟು ಹಿಡಿದು ಬಡಿಸುವ ಬದಲು ಕದಡಿದ, ಕದಡುವ ಬದಲು ಮುಚ್ಚಿದ. ಹಂಡೆ ಬೇಗ ಖಾಲಿಯಾಗದಿರಲಿ ಅಂತ ಒಂದೊಂದೇ ಬಾಳೆಕಾಯಿ ಹಾಕಿದ. ಏನು ಮಾಡಿದರೇನು, ಹಸಿದ ಆಳುಗಳ ಮುಂದೆ ಸಮುದ್ರವೇ ತಳ ಕಂಡೀತು. ಹಂಡೆಯಲ್ಲಿ ಸೌಟು ಗರಗರ ಅಂದಿತು. ಮಾ ಝೆಲೀನ್ ಎದ್ದು, ಕೊನೆಯ ಗೆಡ್ಡೆಯ ಚೂರನ್ನು ಇಲಾರಿಯೋನ ತಟ್ಟೆಗೇ ಹಾಕಿದಳು, "ಮನೆ ಯಜಮಾನ ತಿನ್ನು" ಅಂತ. ಹಂಡೆಯನ್ನು ಬೋರಲು ಹಾಕಿ ಅದರ ಬೆನ್ನಿಗೆ ಅಂಗೈಯಿಂದ ಒಂದು ಬಡಿದಳು.

ಬೋನಿಫಾಸ್ ತಟ್ಟೆ ಕೆಳಗಿಟ್ಟ. ಗಂಟಲು ಸರಿಮಾಡಿಕೊಂಡ.

ಅಷ್ಟರಲ್ಲಿ ಇಲಾರಿಯೋ ಎದ್ದು ನಿಂತುಬಿಟ್ಟ.

"ಮಾ" ಅಂದ. "ನಿನ್ನ ತಗಡು ಸಿಕ್ಕಿವೆ."

"ಏನಂದೆ?"

ಈಗಲೂ ಅವನ ನಾಲಿಗೆ ತನ್ನ ಹಳೆಯ ದಾರಿಯನ್ನೇ ಹುಡುಕಿತು. ನಿನ್ನೆ ಎಸ್ಪ್ರಿ ಕನಸಲ್ಲಿ ಬಂದಿದ್ದ, ಅಲೆಯ ಮೇಲೆ ನಡೆದು ಬಂದು ಇಟ್ಟುಹೋದ, ನಿನಗೆ ಕೊಡು ಅಂದ... ಎಂಥ ಕತೆ! ಒಂದೇ ಉಸಿರಿಗೆ ಹೇಳಿಬಿಡಬಹುದಿತ್ತು. ಮುದುಕಿ ನಂಬುತ್ತಿದ್ದಳು. ಆಳುಗಳೂ ಅವಳ ಮುಖ ನೋಡಿ ಸುಮ್ಮನಾಗುತ್ತಿದ್ದರೋ ಏನೋ.

"ಎಸ್ಪ್ರಿ..." ಅಂತ ಶುರು ಮಾಡಿದ.

"ಎಸ್ಪ್ರಿ?" ಅಂದಳು ಮಾ ಝೆಲೀನ್. ಎರಡೂ ಕೈಯಲ್ಲಿ ಸೌಟು ಹಿಡಿದು ಅವನ ಹತ್ತಿರ ಬಂದಳು. ಮದುವೆ ಹೆಣ್ಣಿನಂತೆ ಕಂಡಳು. "ಎಸ್ಪ್ರಿ ಏನು ಮಗಾ?"

ಆ ಮುಖಕ್ಕೆ ಇನ್ನೊಂದು ಕತೆ ಹೇಳಲು ಅವನಿಂದ ಆಗಲಿಲ್ಲ.

"ಎಸ್ಪ್ರಿ ಅಲ್ಲ ಮಾ. ನಾನು. ನನ್ನ ಮನೆ ಮೇಲಿವೆ. ಹಿಂದಿನ ಕಡೆ. ಗಾಳಿ ಹೋದ ಬೆಳಿಗ್ಗೆಯಿಂದಾನೂ."

ಮುದುಕಿ ಸೂರಿನ ಕಡೆ ನೋಡಿದಳು. ಅಲ್ಲಿಂದ ಕಾಣುತ್ತಿದ್ದದ್ದು ಮುಂದಿನ ಇಳಿಜಾರು ಮಾತ್ರ.

"ಹಸಿರು ಬಣ್ಣ ಕಲಸಿದ್ದು ನಾನು ಮಾ" ಅಂದಳು ಒಡೀಲ್ ಬಾಗಿಲಿಂದ.

"ಹಾರಲೇ ಇಲ್ವಾ?" ಅಂದಳು ಮಾ ಝೆಲೀನ್.

"ಇಲ್ಲ ಮಾ."

"ಸಾಲಾಗಿ ಹೋಗ್ಲಿಲ್ವಾ?"

"ಇಲ್ಲ."

"ಕೊನೇದು ಬಗ್ಗಿದ್ದು?"

ಇಲಾರಿಯೋ ತಲೆ ಅಲ್ಲಾಡಿಸಿದ.

ಅವಳು ತುಂಬ ಹೊತ್ತು ಸೌಟನ್ನು ಒರೆಸಿದಳು. ಒರೆಸಿದ್ದನ್ನೇ ಒರೆಸಿದಳು. ಆಮೇಲೆ ತನ್ನಷ್ಟಕ್ಕೇ ಹೇಳಿಕೊಂಡ ಹಾಗೆ ಅಂದಳು:

"ಹಂಗಾದ್ರೆ ಎರಡು ವರ್ಷದಿಂದ ಅವನು ಮಳೇಲೇ ಇದಾನೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಆ ಸೌಟಿನಿಂದ ನೆತ್ತಿಗೆ ಹೊಡೆದಿದ್ದರೆ ತಲೆಬಗ್ಗಿಸಿ ಇನ್ನೊಂದು ಕೇಳುತ್ತಿದ್ದ. ಗ್ಲೆನ್ರಾಯ್ ಹಂಡೆ ಬೋರಲಾಗಲಿ ಅಂತ ಕಾದಿಟ್ಟುಕೊಂಡ ಬೈಗುಳವನ್ನೆಲ್ಲ ನುಂಗಿಕೊಂಡು ಮುಖ ಆ ಕಡೆ ತಿರುಗಿಸಿದ.

ಇಲಾರಿಯೋ ಏಣಿ ಹತ್ತಿ, ಬೋನಿಫಾಸ್ ಬಿಗಿದ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚತೊಡಗಿದ. ಸ್ವಲ್ಪ ಹೊತ್ತಿಗೆ ಬೋನಿಫಾಸ್ ಮಾತಿಲ್ಲದೆ ಹತ್ತಿ ಬಂದು ಇನ್ನೊಂದು ತುದಿಯಿಂದ ಬಿಚ್ಚಿದ. ಆರು ತಗಡು ಇಳಿದವು. ಮನೆಯ ಹಿಂದಿನರ್ಧ ಬಾಯಿ ತೆರೆಯಿತು. ಸಮುದ್ರದ ಕಡೆ ಮೋಡ ಮೂಡಿತ್ತು.

ತಗಡನ್ನು ಒಬ್ಬನೇ ಹೊರುತ್ತೇನೆ ಅಂದ ಇಲಾರಿಯೋ. ಯಾರೂ ಬೇಡ ಅನ್ನಲಿಲ್ಲ. ಬೀದಿಯುದ್ದಕ್ಕೂ ಒಂದೊಂದನ್ನೇ ತಲೆಯ ಮೇಲಿಟ್ಟುಕೊಂಡು ಹೋದ, ಬಂದ, ಮತ್ತೆ ಹೋದ. ಜನ ಬಾಗಿಲಿಗೆ ಬಂದು ನಿಂತರು. ಎರಡು ವರ್ಷ ಅವನ ಕತೆ ಕೇಳಿ ಹೊಟ್ಟೆ ಹಿಡಿದು ನಕ್ಕವರು. ತಗಡಿನ ನೆರಳು ಮುಖ ಮುಚ್ಚುತ್ತಿತ್ತು, ಅದೊಂದೇ ಪುಣ್ಯ. ಅವನ ಮೇಕೆ ಕೂಡ ಬೇಲಿ ಪಕ್ಕ ನಿಂತು ಅಗಿಯುವುದನ್ನು ನಿಲ್ಲಿಸಿ ನೋಡಿತು ಅಂತ ಆಮೇಲೆ ಊರಲ್ಲಿ ಹೇಳಿದರು. ಆಕಾಶದಿಂದ ಬಿದ್ದಾಗಲೂ ನಿಲ್ಲಿಸದಿದ್ದ ಮೇಕೆ.

ಆಳುಗಳು ಮಾ ಝೆಲೀನ್‌ಳ ಟಾರ್ಪಾಲು ಬಿಚ್ಚಿದ್ದರು. ಇಲಾರಿಯೋ ಮೊದಲ ತಗಡು ಎತ್ತಿಕೊಡಹೋದ.

"ನಿಲ್ಲು" ಅಂದಳು ಅವಳು. "ನಿನ್ನ ಹಸಿರು ನನ್ನ ಮನೆ ಮೇಲೆ ಬೇಡ."

ಅಂಗಳದಲ್ಲಿ ಕೂತು ಕೆರೆದ. ಬ್ರಷ್ ಹಿಡಿದ ಬೆರಳು ಸುಲಿದವು, ಹಸಿರು ಪುಡಿ ಕಣ್ಣಿಗೆ, ಮೂಗಿಗೆ ಹೋಯಿತು. ಒಂದೊಂದೇ ಹಳದಿ ತಗಡು ಎದ್ದುಬಂದು, ಒಂದೊಂದೇ ಮೇಲೆ ಹೋಯಿತು. ಐದು ಹೋದ ಮೇಲೆ ಮಾ ಝೆಲೀನ್ ಆರನೆಯದರ ಮೇಲೆ ಕೈ ಇಟ್ಟಳು.

"ಇದು ಹತ್ಬಾರ್ದು. ಇದು ಅವನದು."

"ಮಾ?"

"ಎರಡು ವರ್ಷ ಶನಿವಾರ ಶನಿವಾರ ದೀಪ ಹಚ್ಚಿ, ನಿನಗೆ ಸೂರು ಕಳಿಸಿದೀನಿ, ಬೆಚ್ಚಗಿರು ಅಂತ ಹೇಳಿದೀನಿ ಅವನಿಗೆ. ನಲವತ್ತು ವರ್ಷ ಸಂಸಾರ ಮಾಡಿದೀನಿ, ಒಂದು ಸುಳ್ಳು ಹೇಳಿರಲಿಲ್ಲ. ನೀನು ಹೇಳಿಸ್ದೆ." ಅವಳ ಧ್ವನಿ ಏರಲಿಲ್ಲ. "ಹೋಗಿ ಕೊಟ್ಟು ಬಾ. ನಿಜ ಮಾಡಿ ಬಾ."

ಅವಳ ಸೂರಿನಲ್ಲಿ ಒಂದು ತಗಡಿನ ಜಾಗ ಖಾಲಿ ಉಳಿಯಿತು. ಇಲಾರಿಯೋ ಮನೆಗೆ ಹೋಗಿ ಮುಂದಿನ ಇಳಿಜಾರಿನಿಂದ, ಆ ಬೆಳಿಗ್ಗೆ ತಾನೆ ಬಿಗಿದಿದ್ದ ತನ್ನ ಸ್ವಂತ ತಗಡೊಂದನ್ನು ಕಿತ್ತು ತಂದು ಬೋನಿಫಾಸ್‌ನ ಕೈಗೆ ಕೊಟ್ಟ.

ಗ್ಲೆನ್ರಾಯ್ ತನ್ನ ದೋಣಿ ನೀರಿಗೆ ತಳ್ಳಿದ. ಇಲಾರಿಯೋ ಆರನೆಯ ತಗಡು ಹಿಡಿದು ಹತ್ತಿದ. ಕಪ್ಪು ಬಂಡೆ ದಾಟಿದ ಮೇಲೆ ಗ್ಲೆನ್ರಾಯ್ ದೋಣಿ ನಿಲ್ಲಿಸಿದ.

"ಇಲ್ಲೇ" ಅಂದ.

ಇಲಾರಿಯೋ ತಗಡನ್ನು ಅಂಚಿಗೆ ತಂದ. ಎಸ್ಪ್ರಿಗೆ ಏನಾದರೂ ಹೇಳಬೇಕು ಅನ್ನಿಸಿತು. ಸತ್ತವರಿಗೂ ಕತೆ ಹೇಳಿ ನಗಿಸಬಲ್ಲೆ ಅನ್ನುತ್ತಿದ್ದವನ ಬಾಯಲ್ಲಿ ಹಸಿರು ಪುಡಿಯ ರುಚಿ ಬಿಟ್ಟು ಬೇರೇನೂ ಇರಲಿಲ್ಲ. ಕೈ ಬಿಟ್ಟ. ತಗಡು ನೀರಿನ ಮೇಲೆ ಒಂದು ಕ್ಷಣ ಚಪ್ಪಟೆ ಮಲಗಿತು, ಒಂದು ಮೂಲೆ ತಗ್ಗಿತು, ಜಾರಿತು. ಹಳದಿ ಸ್ವಲ್ಪ ಆಳದವರೆಗೆ ಕಂಡಿತು. ಆಮೇಲೆ ಕಾಣಲಿಲ್ಲ.

ದಡಕ್ಕೆ ಬರುವಾಗ ಮುಚ್ಚಂಜೆ. ಊರಲ್ಲಿ ಅರ್ಧ ಜನ ಮರಳ ಮೇಲೆ ನಿಂತಿದ್ದರು. ಮುಂದೆ ಮಾ ಝೆಲೀನ್. ಮಡಿಸಿದ ನೀಲಿ ಟಾರ್ಪಾಲು ಕಂಕುಳಲ್ಲಿತ್ತು. ಅದನ್ನು ಅವನ ತೋಳಿಗೆ ತುರುಕಿದಳು.

"ಒಡೀಲ್ ನೆನೀಬಾರ್ದು. ಹಗ್ಗ ಒಳಗೇ ಇದೆ. ಬಡಗಣ ಮೂಲೆ ಹರಿದಿದೆ, ಅಲ್ಲಿ ಡಬಲ್ ಮಡಚು." ಆಮೇಲೆ ಕೇಳಿದಳು, "ಹೆಂಗೆ ಹೋಯ್ತು ಅದು?"

ಜನ ಹತ್ತಿರ ಸರಿದರು. ಅಭ್ಯಾಸ ಬಲ, ಅವನು ಬಾಯಿ ತೆರೆದರೆ ಕಿವಿ ಚಾಚುವವರೇ ಎಲ್ಲರೂ. ಮುದುಕಿಯೂ ಕಾದಳು. ಅವಳ ಕಣ್ಣಲ್ಲಿ ಇನ್ನೂ ಒಂದಿಷ್ಟು ಆಸೆ ಇದ್ದದ್ದು ಅವನಿಗೆ ಕಂಡಿತು. ಆ ಆಸೆಯನ್ನು ನೋಡಿ ಬೆಳಗಿನಿಂದ ಪಟ್ಟ ನಾಚಿಕೆಯೆಲ್ಲ ಏನೂ ಅಲ್ಲ ಅನ್ನಿಸಿತು.

"ಮುಳುಗ್ತು ಮಾ" ಅಂದ.

"ತಿರುಗಿ ನೋಡ್ಲಿಲ್ವಾ?"

"ಇಲ್ಲ ಮಾ. ಮುಳುಗ್ತು ಅಷ್ಟೆ."

ಅವಳು ಒಮ್ಮೆ ಕಪ್ಪು ಬಂಡೆಯ ಕಡೆ ನೋಡಿದಳು. ಆಮೇಲೆ, "ಸರಿ. ತಲುಪಿರತ್ತೆ" ಅಂದು, ದೀಪ ಹಚ್ಚಲು ಹೊತ್ತಾಯಿತೆಂದು ಮೇಲಕ್ಕೆ ಹೊರಟಳು.

ಮಳೆಯ ಮೊದಲ ಹನಿ ಬಿತ್ತು. ಇಲಾರಿಯೋ ಟಾರ್ಪಾಲನ್ನು ಎದೆಗೆ ಒತ್ತಿಕೊಂಡು ಮನೆ ಕಡೆ ಓಡಿದ.